ಹಡಗು ಓಡದ ತಿಂಗಳುಗಳು

1/10

ಜೂನ್ 1 ಬಂತು ಅಂದ್ರೆ ಮಲ್ಪೆ, ಗಂಗೊಳ್ಳಿ, ಮಂಗಳೂರಿನ ದಕ್ಕೆಗಳಲ್ಲಿ ಜಾಗವೇ ಇರೋದಿಲ್ಲ. ಯಾಂತ್ರಿಕ ದೋಣಿಗಳೆಲ್ಲ ಒಂದಕ್ಕೊಂದು ಅಂಟಿಕೊಂಡ ಹಾಗೆ ಸಾಲಾಗಿ ನಿಂತಿರುತ್ತವೆ. ಜುಲೈ 31ರವರೆಗೆ, ಅಂದರೆ 61 ದಿನ, ಮೀನುಗಾರಿಕೆಗೆ ನಿಷೇಧ. ಮೇಲಿನ ಫೋಟೋ ನೋಡಿ ತುಂಬಾ ಜನ "ಸೂಪರ್ ವ್ಯೂ" ಅಂತೀರಿ. ಆದ್ರೆ ದೋಣಿ ಇರುವವರನ್ನು ಕೇಳಿ ನೋಡಿ, ಅವರ ತಲೆಯಲ್ಲಿ ಇರೋದು ಒಂದೇ ಪ್ರಶ್ನೆ: ಈ ಎರಡು ತಿಂಗಳು ದೋಣಿಯನ್ನು ಎಲ್ಲಿ ಇಡೋದು?

ಕೇಳೋಕೆ ಸಣ್ಣ ಪ್ರಶ್ನೆ. ಆದರೆ 240 ವರ್ಷಗಳ ಹಿಂದೆ ಇದೇ ಪ್ರಶ್ನೆ ಮೈಸೂರಿನ ಹೈದರಾಲಿಯ ಯುದ್ಧದ ದಿಕ್ಕನ್ನೇ ಬದಲಿಸಿತು ಅಂದ್ರೆ ನಂಬ್ತೀರಾ?

ನಾವು ಹೈಸ್ಕೂಲಲ್ಲಿ ಎರಡನೇ ಆಂಗ್ಲೋ-ಮೈಸೂರು ಯುದ್ಧ ಓದಿದ್ದೀವಿ. 1780ರಿಂದ 1784. ಕಾರಣಗಳು, ಘಟನೆಗಳು, ಪರಿಣಾಮಗಳು, ಐದು ಮಾರ್ಕ್ಸ್. ಅದರಲ್ಲಿ ಕುದುರೆ ಇದೆ, ಫಿರಂಗಿ ಇದೆ, ರಾಕೆಟ್ ಇದೆ, ಒಪ್ಪಂದ ಇದೆ. ಹಾಯಿ ಹಡಗುಗಳು ಎಲ್ಲಿ ನಿಂತಿದ್ದವು ಅನ್ನೋದು ಮಾತ್ರ ಇಲ್ಲ. ಈ ಸರಣಿಯಲ್ಲಿ ಹೇಳಬೇಕು ಅಂತಿರೋದು ಅದನ್ನೇ. ಹಡಗುಗಳು ಹೋರಾಡಿದ ದಿನಗಳಿಗಿಂತ, ಅವು ಸುಮ್ಮನೆ ನಿಂತಿದ್ದ ತಿಂಗಳುಗಳೇ ಹೆಚ್ಚು ನಿರ್ಧಾರ ಮಾಡಿದವು.

ಓದುತ್ತಾ ಹೋಗಿ. ಫೋಟೋ ಜೊತೆ ಹಾಕಿರುವ ಮ್ಯಾಪ್ ಪಕ್ಕದಲ್ಲಿ ಇಟ್ಟುಕೊಂಡರೆ ಇನ್ನೂ ಸುಲಭ.

2/10: ನಿಂತ ಹಡಗಿಗೂ ಖರ್ಚಿದೆ

ಬಿಕಾಂನವರಿಗೆ ಇದು ಬೇಗ ಅರ್ಥ ಆಗುತ್ತೆ. ಕಾಸ್ಟಿಂಗ್ ಪೇಪರ್‌ನಲ್ಲಿ ಐಡಲ್ ಟೈಮ್ ಅಂತ ಓದ್ತೀವಲ್ಲ? ಯಂತ್ರ ನಿಂತಿದ್ದರೂ ಬಾಡಿಗೆ, ಸಂಬಳ, ಸವಕಳಿ ನಿಲ್ಲೋದಿಲ್ಲ. ಹಾಯಿ ಹಡಗಿನ ಕಥೆಯೂ ಅದೇ.

18ನೇ ಶತಮಾನದ ಒಂದು ದೊಡ್ಡ ಯುದ್ಧ ಹಡಗಿನಲ್ಲಿ 500–600 ಜನ ಇರುತ್ತಿದ್ದರು. ಹಡಗು ಓಡಲಿ ಬಿಡಲಿ, ಅಷ್ಟು ಬಾಯಿಗೆ ದಿನಾ ಅನ್ನ, ನೀರು ಬೇಕು. ಮರದ ತಳಕ್ಕೆ ಪಾಚಿ, ಕಪ್ಪೆಚಿಪ್ಪು ಅಂಟಿಕೊಳ್ಳುತ್ತೆ, ವೇಗ ಕಡಿಮೆ ಆಗುತ್ತೆ. ಬಿಸಿ ಸಮುದ್ರದಲ್ಲಿ ಮರ ಕೊರೆಯುವ ಹುಳ ಬೇರೆ. ಹಗ್ಗ ಕೊಳೆಯುತ್ತೆ, ಹಾಯಿ ಹರಿಯುತ್ತೆ, ಹಾಯಿಕಂಬ ಬಿರುಕು ಬಿಡುತ್ತೆ. ಹಾಗಾಗಿ ವರ್ಷದಲ್ಲಿ ಕೆಲವು ತಿಂಗಳು ಹಡಗನ್ನು ಎಲ್ಲೋ ನಿಲ್ಲಿಸಿ ರಿಪೇರಿ ಮಾಡಲೇಬೇಕು.

ಆ "ಎಲ್ಲೋ" ಅನ್ನುವ ಜಾಗದಲ್ಲಿ ನಾಲ್ಕು ವಿಷಯ ಇರಬೇಕು:

ಒಂದು, ಬಿರುಗಾಳಿಯಿಂದ ರಕ್ಷಣೆ.
ಎರಡು, ತಳ ತೊಳೆದು ದುರಸ್ತಿ ಮಾಡಲು ಮರ, ಕೆಲಸಗಾರರು, ಸೌಕರ್ಯ.
ಮೂರು, ಜನಕ್ಕೆ ಊಟ, ಸಿಹಿನೀರು.
ನಾಲ್ಕು, ಋತು ಮುಗಿದ ಕೂಡಲೇ ಯುದ್ಧದ ಜಾಗಕ್ಕೆ ವಾಪಸ್ ಬರಲು ಅನುಕೂಲವಾದ ಗಾಳಿ.

ಮೊದಲ ಮೂರನ್ನು ಎಲ್ಲರೂ ಯೋಚನೆ ಮಾಡ್ತಾರೆ. ನಾಲ್ಕನೆಯದನ್ನು ನೆನಪಿಟ್ಟುಕೊಳ್ಳಿ. ಈ ಕಥೆಯಲ್ಲಿ ಮತ್ತೆ ಮತ್ತೆ ಬರೋದು ಅದೇ. ಯಾಕಂದ್ರೆ ಈ ನಾಲ್ಕೂ ಒಟ್ಟಿಗೆ ಇರುವ ಜಾಗ ಆಗ ಯಾರ ಕೈಯಲ್ಲೂ ಇರಲಿಲ್ಲ. ಒಂದನ್ನು ಪಡೆಯಬೇಕಾದರೆ ಇನ್ನೊಂದನ್ನು ಬಿಡಬೇಕಿತ್ತು.

3/10: ಎರಡು ಕರಾವಳಿ, ಎರಡು ಮಳೆ

ನಮ್ಮ ಕರಾವಳಿಗೆ ಮಳೆ ಜೂನ್‌ನಿಂದ ಸೆಪ್ಟೆಂಬರ್. ಗಾಳಿ ನೈಋತ್ಯದಿಂದ ಬರುತ್ತೆ. ಆ ಸಮಯದಲ್ಲಿ ಅರಬ್ಬೀ ಸಮುದ್ರಕ್ಕೆ ಇಳಿಯೋ ಧೈರ್ಯ ಯಾರಿಗೂ ಇರಲಿಲ್ಲ. ಪತ್ತೆಮಾರಿ, ಮಚ್ವೆಗಳನ್ನೆಲ್ಲ ಅಳಿವೆಯ ಒಳಗೆ ತಂದು ಕಟ್ಟುತ್ತಿದ್ದರು, ಇಲ್ಲವೇ ದಡಕ್ಕೆ ಎಳೆಯುತ್ತಿದ್ದರು.

ಆ ಕಡೆ, ಮದ್ರಾಸ್, ಪಾಂಡಿಚೇರಿ, ಕಡಲೂರು ಇರುವ ಕೋರಮಂಡಲ ಕರಾವಳಿಯಲ್ಲಿ ಇದು ತಿರುವುಮುರುವು. ಅಲ್ಲಿ ಭಯ ಶುರುವಾಗೋದು ಅಕ್ಟೋಬರ್‌ನಲ್ಲಿ. ಗಾಳಿ ಈಶಾನ್ಯದಿಂದ ಬೀಸೋಕೆ ಶುರು. ಡಿಸೆಂಬರ್‌ವರೆಗೆ ಚಂಡಮಾರುತದ ಕಾಲ. ಇವತ್ತಿಗೂ ನವೆಂಬರ್ ಬಂದರೆ ಚೆನ್ನೈನಲ್ಲಿರುವ ನಮ್ಮ ಫ್ರೆಂಡ್ಸ್ ಸ್ಟೇಟಸ್‌ನಲ್ಲಿ ನೀರೇ ನೀರು ಹಾಕ್ತಾರಲ್ಲ, ಅದೇ ಮಳೆ.

ಇದರ ಮೇಲೆ ಇನ್ನೊಂದು ಕಷ್ಟ. ಮದ್ರಾಸ್‌ಗೆ ಆಗ ಬಂದರೇ ಇರಲಿಲ್ಲ. ನೇರ ಮರಳು ದಡ, ಎದುರಿಗೆ ತೆರೆದ ಸಮುದ್ರ. ಹಡಗುಗಳು ದಡದಿಂದ ದೂರ ಲಂಗರು ಹಾಕಬೇಕು. ತೆಂಗಿನ ನಾರಿನಿಂದ ಹಲಗೆಗಳನ್ನು ಹೊಲಿದು ಮಾಡಿದ ಮಸೂಲ ದೋಣಿಗಳು ಅಲೆ ದಾಟಿ ಹೋಗಿ ಜನ, ಸಾಮಾನು ಇಳಿಸಿಕೊಂಡು ಬರಬೇಕು. ಮೊಳೆ ಹೊಡೆದ ದೋಣಿ ಆ ಅಲೆಯ ಹೊಡೆತಕ್ಕೆ ಒಡೆದುಹೋಗುತ್ತೆ, ಹೊಲಿದ ದೋಣಿ ಬಾಗಿ ತಡೆದುಕೊಳ್ಳುತ್ತೆ. ಪಾಂಡಿಚೇರಿ, ಕಡಲೂರಿನದೂ ಹೆಚ್ಚುಕಮ್ಮಿ ಇದೇ ಪರಿಸ್ಥಿತಿ.

ಅಂದರೆ ಬ್ರಿಟಿಷರು ಮತ್ತು ಫ್ರೆಂಚರು ಕಿತ್ತಾಡಿದ್ದೆಲ್ಲ ಯಾವ ಕರಾವಳಿಗಾಗಿಯೋ, ಆ ಕರಾವಳಿಯಲ್ಲೇ ಅಕ್ಟೋಬರ್ ನಂತರ ಹಡಗು ನಿಲ್ಲಿಸಲು ಜಾಗ ಇರಲಿಲ್ಲ. ಇಡೀ ಕಥೆ ಇರೋದು ಇಲ್ಲೇ.

4/10: ಹೋಗದೆ ಉಳಿದವನ ಗತಿ, 1746

1746ರ ಸೆಪ್ಟೆಂಬರ್ 21. ಫ್ರೆಂಚ್ ನೌಕಾಪಡೆಯ ಮುಖ್ಯಸ್ಥ ಲಾ ಬೋರ್ಡೊನೆ ಮದ್ರಾಸನ್ನು ಗೆದ್ದುಕೊಂಡ. ದೊಡ್ಡ ಗೆಲುವು. ಆದರೆ ಗೆದ್ದ ಮೇಲೆ ಏನು ಮಾಡೋದು ಅನ್ನೋದರಲ್ಲಿ ಅವನಿಗೂ ಪಾಂಡಿಚೇರಿಯ ಗವರ್ನರ್ ಡೂಪ್ಲೆಗೂ ಜಗಳ. ಲಾ ಬೋರ್ಡೊನೆ 11 ಲಕ್ಷ ವರಾಹ ತೆಗೆದುಕೊಂಡು ಊರನ್ನು ಬ್ರಿಟಿಷರಿಗೇ ವಾಪಸ್ ಕೊಡೋಣ ಅಂತ ಮಾತಾಡಿದ್ದ. ಡೂಪ್ಲೆಗೆ ಅದು ಇಷ್ಟ ಇಲ್ಲ. ಪತ್ರ ಹೋಗ್ತಾ ಇದೆ, ಬರ್ತಾ ಇದೆ. ದಿನ ಕಳೀತಾ ಇದೆ.

ಲಾ ಬೋರ್ಡೊನೆಗೆ ಸಮುದ್ರ ಗೊತ್ತಿರಲಿಲ್ಲ ಅಂತಲ್ಲ. ಅವನು ಹುಟ್ಟು ನಾವಿಕ, ಮಾರಿಷಸ್‌ನ ಗವರ್ನರ್ ಆಗಿ ಪೋರ್ಟ್ ಲೂಯಿ ಬಂದರನ್ನು ಬೆಳೆಸಿದವನೇ ಅವನು. ಅಕ್ಟೋಬರ್ ಮಧ್ಯದೊಳಗೆ ಇಲ್ಲಿಂದ ಹೊರಡಬೇಕು ಅನ್ನೋದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಜಗಳ ಮುಗಿಯಲಿಲ್ಲ, ಹಡಗುಗಳು ಮದ್ರಾಸ್ ಮುಂದೆ ತೆರೆದ ಸಮುದ್ರದಲ್ಲೇ ಉಳಿದವು.

ಅಕ್ಟೋಬರ್ 13ರ ರಾತ್ರಿ ಬಿರುಗಾಳಿ ಎದ್ದಿತು. ಬೆಳಗಾಗುವಷ್ಟರಲ್ಲಿ ಕೆಲವು ಹಡಗು ಮುಳುಗಿದ್ದವು, ಉಳಿದವುಗಳ ಹಾಯಿಕಂಬಗಳು ಮುರಿದು ಬಿದ್ದಿದ್ದವು. ಸತ್ತವರು 1,200ಕ್ಕೂ ಹೆಚ್ಚು. ಒಬ್ಬ ಶತ್ರುವೂ ಗುಂಡು ಹಾರಿಸಲಿಲ್ಲ. ಮೂರು ವಾರಗಳ ಹಿಂದೆ ಊರು ಗೆದ್ದಿದ್ದ ನೌಕಾಪಡೆ ಒಂದೇ ರಾತ್ರಿಯಲ್ಲಿ ಕೆಲಸಕ್ಕೆ ಬಾರದ ಹಾಗಾಯ್ತು. ಲಾ ಬೋರ್ಡೊನೆ ಮಾರಿಷಸ್‌ಗೆ, ಅಲ್ಲಿಂದ ಫ್ರಾನ್ಸ್‌ಗೆ ಹೋದ. ಅಲ್ಲಿ ಅವನನ್ನು ಬಾಸ್ಟೀಲ್ ಜೈಲಿಗೆ ಹಾಕಿದರು.

5/10: ಉಳಿದು ಗೆದ್ದವರೂ ಇದ್ದಾರೆ, 1761

ಹಾಗಾದ್ರೆ ಅಕ್ಟೋಬರ್ ಬಂದ ಕೂಡಲೇ ಓಡಿಹೋಗೋದೇ ಸರಿಯಾ? ಅಷ್ಟು ಸುಲಭ ಇಲ್ಲ.

1760ರ ಕೊನೆ. ಬ್ರಿಟಿಷರು ಪಾಂಡಿಚೇರಿಯನ್ನು ಸುತ್ತುವರಿದಿದ್ದಾರೆ. ನೆಲದ ಮೇಲೆ ಐರ್ ಕೂಟ್‌ನ ಸೈನ್ಯ, ಸಮುದ್ರದಲ್ಲಿ ಹಡಗುಗಳು. ಒಳಗೆ ಫ್ರೆಂಚರಿಗೆ ಊಟ ಮುಗೀತಾ ಬಂದಿದೆ. ಈಗ ಹಡಗುಗಳು ಋತು ಸರಿಯಿಲ್ಲ ಅಂತ ಹೊರಟುಹೋದರೆ ಸಮುದ್ರದ ಬಾಗಿಲು ತೆರೆದ ಹಾಗೆ, ಫ್ರೆಂಚರಿಗೆ ಅಕ್ಕಿ ಬಂದುಬಿಡುತ್ತೆ. ಹಾಗಾಗಿ ಬ್ರಿಟಿಷ್ ಹಡಗುಗಳಲ್ಲಿ ಕೆಲವು ಅಲ್ಲೇ ಉಳಿದವು.

1761ರ ಜನವರಿ 1ರಂದು ಬಿರುಗಾಳಿ ಬಂತು. ಮೂರು ಹಡಗು ಮುಳುಗಿದವು, ಇನ್ನೂ ಮೂರು ದಡಕ್ಕೆ ಬಡಿದು ಒಡೆದವು. ಸುಮಾರು 1,100 ಜನ ಸತ್ತರು. ಆದರೂ ಉಳಿದ ಹಡಗುಗಳು ಕೆಲವೇ ದಿನಗಳಲ್ಲಿ ಮತ್ತೆ ಬಂದು ನಿಂತವು. ಜನವರಿ ಮಧ್ಯದಲ್ಲಿ ಪಾಂಡಿಚೇರಿ ಶರಣಾಯಿತು.

ಎರಡೂ ಘಟನೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಬಿರುಗಾಳಿ ಒಂದೇ ಥರದ್ದು, ಸತ್ತವರ ಸಂಖ್ಯೆಯೂ ಹತ್ತಿರ ಹತ್ತಿರ. ಒಬ್ಬ ಜಗಳ ಮುಗೀಲಿಲ್ಲ ಅಂತ ಉಳಿದು ಎಲ್ಲವನ್ನೂ ಕಳೆದುಕೊಂಡ. ಇನ್ನೊಬ್ಬರು ಲೆಕ್ಕ ಹಾಕಿ ಉಳಿದು ಗೆದ್ದರು. ಆದರೆ ಆ ಲೆಕ್ಕದ ಖರ್ಚಿನ ಕಾಲಂನಲ್ಲಿ ಇದ್ದದ್ದು 1,100 ನಾವಿಕರ ಜೀವ. ಅವರನ್ನು "ಉಳೀತೀರಾ?" ಅಂತ ಕೇಳಿದವರು ಯಾರೂ ಇಲ್ಲ. ಗೆಲುವಿನ ಕಥೆ ಹೇಳುವಾಗ ಈ ಕಾಲಂ ಮರೆತುಹೋಗುತ್ತೆ, ಅದಕ್ಕೇ ಇಲ್ಲಿ ಬರೆದೆ.

6/10: ಬ್ರಿಟಿಷರ ಉತ್ತರ ಮುಂಬೈ, ಫ್ರೆಂಚರ ಉತ್ತರ ಮಾರಿಷಸ್

ಪ್ರತಿ ವರ್ಷ ಇಷ್ಟು ಜನರನ್ನು ಕಳೆದುಕೊಳ್ಳೋಕೆ ಆಗಲ್ಲ. ಹಾಗಾಗಿ ಇಬ್ಬರೂ ಸುರಕ್ಷಿತ ಜಾಗ ಹುಡುಕಿಕೊಂಡರು.

ಬ್ರಿಟಿಷರ ಜಾಗ ಮುಂಬೈ. ಅಲ್ಲಿನ ಬಂದರು ವರ್ಷಪೂರ್ತಿ ಸುರಕ್ಷಿತ. ಸೂರತ್‌ನಿಂದ 1736ರಲ್ಲಿ ಬಂದ ಪಾರ್ಸಿ ಬಡಗಿ ಲವ್ಜಿ ನಸರ್ವಾನ್ಜಿ ವಾಡಿಯಾ ಅಲ್ಲಿ ಹಡಗು ಕಟ್ಟುವ ಕೆಲಸಕ್ಕೆ ಬುನಾದಿ ಹಾಕಿದ. 1750ರ ಹೊತ್ತಿಗೆ ಅಲ್ಲಿ ಒಣ ಡಾಕ್ ತಯಾರಾಯಿತು. ಅದು ಕೆಲಸ ಮಾಡೋ ರೀತಿ ಸಿಂಪಲ್: ಉಬ್ಬರದಲ್ಲಿ ಹಡಗನ್ನು ಒಳಗೆ ತರೋದು, ಇಳಿತದಲ್ಲಿ ನೀರು ಹೊರಗೆ ಹೋದಾಗ ಗೇಟ್ ಮುಚ್ಚೋದು. ಹಡಗು ಒಣ ನೆಲದಲ್ಲಿ ಕೂರುತ್ತೆ, ತಳವನ್ನು ಪೂರ್ತಿ ರಿಪೇರಿ ಮಾಡಬಹುದು. ಮುಂಬೈನಲ್ಲಿ ಉಬ್ಬರ-ಇಳಿತದ ವ್ಯತ್ಯಾಸ ದೊಡ್ಡ ದಿನಗಳಲ್ಲಿ 4 ಮೀಟರ್ ದಾಟುತ್ತೆ, ಹಾಗಾಗಿ ಇದು ಸಾಧ್ಯ. ಮದ್ರಾಸ್‌ನಲ್ಲಿ ಅದು ಒಂದು ಮೀಟರ್ ಆಸುಪಾಸು ಅಷ್ಟೇ. ಮೇಲಾಗಿ ಮಲಬಾರಿನ ತೇಗ ಮುಂಬೈಗೆ ಸಮುದ್ರದ ಮೇಲೇ ಬರುತ್ತಿತ್ತು.

ತೊಂದರೆ ದೂರದ್ದು. ಮದ್ರಾಸ್‌ನಿಂದ ಶ್ರೀಲಂಕಾ ಸುತ್ತಿ ಮುಂಬೈಗೆ 2,500 ಕಿ.ಮೀ.ಗೂ ಹೆಚ್ಚು. ಹೋದ ಮೇಲೆ ವಾಪಸ್ ಬರುವಾಗ ಈಶಾನ್ಯ ಗಾಳಿ ಎದುರಿಗೇ ಬೀಸುತ್ತೆ. ಅಕ್ಟೋಬರ್‌ನಲ್ಲಿ ಹೋದವರು ವಸಂತದ ಹೊತ್ತಿಗೆ ಬಂದರೆ ಪುಣ್ಯ.

ಫ್ರೆಂಚರ ಜಾಗ ಮಾರಿಷಸ್. ಸುರಕ್ಷಿತ ನಿಜ, ಆದರೆ ಶ್ರೀಲಂಕಾದಿಂದಲೇ ಸುಮಾರು 4,000 ಕಿ.ಮೀ. ದೂರ. ಅಲ್ಲಿ ಬೆಳೆ ಕಡಿಮೆ, ದೊಡ್ಡ ನೌಕಾಪಡೆಗೆ ಬೇಕಾದ ಆಹಾರವೂ ಹೊರಗಿಂದ ಬರಬೇಕು.

ಎರಡೂ ಜಾಗಕ್ಕೆ ಮೊದಲ ಅಂಶದಲ್ಲಿ ಫುಲ್ ಮಾರ್ಕ್ಸ್. ನಾಲ್ಕನೆಯದರಲ್ಲಿ ಇಬ್ಬರೂ ಫೇಲ್.

7/10: ಹೈದರ್ ಕಾಯ್ದ ಫೆಬ್ರವರಿ, 1781

ಈಗ ನಮ್ಮ ಕಡೆಯ ಕಥೆಗೆ ಬರೋಣ.

ಫ್ರೆಂಚರ ಪಾಂಡಿಚೇರಿಯನ್ನು ಬ್ರಿಟಿಷರು 1778ರಲ್ಲಿ ಮತ್ತೆ ಕಿತ್ತುಕೊಂಡರು, 1779ರಲ್ಲಿ ಮಾಹೆಯನ್ನೂ. ಹೈದರಾಲಿಗೆ ಯುದ್ಧ ಸಾಮಗ್ರಿ ಬರುತ್ತಿದ್ದ ಬಾಗಿಲು ಮಾಹೆ. ಅದು ಹೋದದ್ದು ಯುದ್ಧಕ್ಕೆ ಒಂದು ದೊಡ್ಡ ಕಾರಣ. 1780ರ ಜುಲೈನಲ್ಲಿ ಹೈದರ್ ಘಟ್ಟ ಇಳಿದು ಕರ್ನಾಟಿಕ್ ಬಯಲಿಗೆ ನುಗ್ಗಿದ. ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಬ್ರಿಟಿಷ್ ಪಡೆಯನ್ನು ನುಚ್ಚುನೂರು ಮಾಡಿದ.

ಡಿಸೆಂಬರ್‌ನಲ್ಲಿ ಬ್ರಿಟಿಷ್ ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ನಮ್ಮ ಕರಾವಳಿಗೆ ಬಂದು, ಮಂಗಳೂರಿನಲ್ಲಿ ನಿಂತಿದ್ದ ಹೈದರನ ಹಡಗುಗಳನ್ನು ನಾಶ ಮಾಡಿದ. ಹಡಗು ನಿಲ್ಲಿಸುವ ಜಾಗ ಶತ್ರುವಿಗೂ ಗೊತ್ತಿರುತ್ತೆ, ಅದು ಇನ್ನೊಂದು ಅಪಾಯ.

ಆದರೆ ಹ್ಯೂಸ್ ಪಶ್ಚಿಮದಲ್ಲಿದ್ದಾನೆ ಅಂದರೆ ಪೂರ್ವ ಕರಾವಳಿ ಖಾಲಿ ಅಂತ ಅರ್ಥ! ಸರಿಯಾಗಿ ಅದೇ ಹೊತ್ತಿಗೆ, 1781ರ ಜನವರಿ ಕೊನೆಯಲ್ಲಿ, ಡಾರ್ವ್ ಎಂಬ ಫ್ರೆಂಚ್ ಸೇನಾನಿ ಹಡಗುಗಳನ್ನು ತೆಗೆದುಕೊಂಡು ಕೋರಮಂಡಲಕ್ಕೆ ಬಂದ. ಐರ್ ಕೂಟ್‌ನ ಸೈನ್ಯ ಕಡಲೂರಿನಲ್ಲಿ ಸಿಕ್ಕಿಕೊಂಡಿತ್ತು. ನೆಲದ ಕಡೆ ಹೈದರ್, ಸುತ್ತ ಊರೆಲ್ಲ ಬರಿದು. ಕೂಟ್‌ಗೆ ಅಕ್ಕಿ ಬರೋದು ಸಮುದ್ರದಿಂದ ಮಾತ್ರ. ಫ್ರೆಂಚ್ ಹಡಗುಗಳು ಅಲ್ಲೇ ಕೆಲವು ವಾರ ನಿಂತರೆ ಸಾಕು.

ಹೈದರ್ ಕೇಳಿಕೊಂಡ. ಡಾರ್ವ್ ನಿಲ್ಲಲಿಲ್ಲ. ಹಡಗಿನಲ್ಲಿ ನೀರು-ಆಹಾರ ಸಾಲದು, ಇಡೀ ಭಾರತದಲ್ಲಿ ಫ್ರೆಂಚರದು ಅಂತ ಒಂದು ಬಂದರೂ ಉಳಿದಿಲ್ಲ. ಫೆಬ್ರವರಿಯಲ್ಲಿ ಮಾರಿಷಸ್ ಕಡೆ ಹೊರಟುಬಿಟ್ಟ. ಕೂಟ್‌ಗೆ ಸಮುದ್ರದ ದಾರಿ ತೆರೆಯಿತು. ಜುಲೈ 1ರಂದು ಪೋರ್ಟೊ ನೋವೊದಲ್ಲಿ ಅದೇ ಕೂಟ್ ಹೈದರನನ್ನು ಸೋಲಿಸಿದ.

"ಮಂಗಳೂರು ಹೈದರನದೇ ಅಲ್ವಾ, ಅಲ್ಲಿ ನಿಲ್ಲಬಹುದಿತ್ತಲ್ಲ?" ಅಂತ ನೀವು ಕೇಳಬಹುದು. ನೇತ್ರಾವತಿ-ಗುರುಪುರ ನದಿಗಳ ಅಳಿವೆ ಬಾಯಲ್ಲಿ ಮರಳು ದಿಬ್ಬ. ಸಣ್ಣ ಹಡಗು ಒಳಗೆ ಬರುತ್ತೆ, ದೊಡ್ಡ ಯುದ್ಧ ಹಡಗು ಹೊರಗೇ ಲಂಗರು ಹಾಕಬೇಕು. ಪಣಂಬೂರಿನಲ್ಲಿ ನೆಲ ಅಗೆದು ಆಳದ ಬಂದರು ಮಾಡಿದ್ದು 1970ರ ದಶಕದಲ್ಲಿ.

8/10: ಮನೆಗೆ ಹೋಗದ ಸಫ್ರೆನ್, 1782

ಮುಂದಿನ ವರ್ಷ ಡಾರ್ವ್ ಮತ್ತೆ ಹೊರಟ, ಆದರೆ ದಾರಿಯಲ್ಲೇ ತೀರಿಕೊಂಡ. ಅವನ ಜಾಗಕ್ಕೆ ಬಂದವನು ಪಿಯೆರ್ ಆಂದ್ರೆ ದ ಸಫ್ರೆನ್. ದಪ್ಪ ದೇಹ, ಬಟ್ಟೆಬರೆ ಬಗ್ಗೆ ಗಮನ ಇಲ್ಲದ ಮನುಷ್ಯ, ಆದರೆ ಛಲ ಬಿಡದವನು. 1782ರಲ್ಲಿ ಫೆಬ್ರವರಿ, ಏಪ್ರಿಲ್, ಜುಲೈ, ಸೆಪ್ಟೆಂಬರ್, ಹೀಗೆ ನಾಲ್ಕು ಸಲ ಹ್ಯೂಸ್ ಜೊತೆ ಕಾದಾಡಿದ. ಯಾವುದರಲ್ಲೂ ಪೂರ್ತಿ ಗೆಲುವಿಲ್ಲ, ಪೂರ್ತಿ ಸೋಲಿಲ್ಲ.

ರಿಪೇರಿಗೆ ಅವನ ಹತ್ತಿರ ಡಾಕ್ ಇರಲಿಲ್ಲ. ಚಿಕ್ಕ ಹಡಗುಗಳ ಹಾಯಿಕಂಬ ಕಿತ್ತು ದೊಡ್ಡ ಹಡಗಿಗೆ ಹಾಕಿದ. ಜುಲೈ ಕೊನೆಯಲ್ಲಿ ಕಡಲೂರಿನ ಬಳಿ ಹೈದರಾಲಿಯನ್ನು ಭೇಟಿಯಾದ. ಹೈದರನಿಗೆ ಕೊನೆಗೂ ಬಿಟ್ಟುಹೋಗದ ಒಬ್ಬ ಫ್ರೆಂಚ್ ನಾವಿಕ ಸಿಕ್ಕಿದ್ದ.

ಆಮೇಲೆ ಸಫ್ರೆನ್ ಮಾಡಿದ ಕೆಲಸ ನೋಡಿ. ಶ್ರೀಲಂಕಾದ ಪೂರ್ವದಲ್ಲಿರುವ ಟ್ರಿಂಕೋಮಲಿ ಆ ಕಡೆಯ ಏಕೈಕ ದೊಡ್ಡ ಸಹಜ ಬಂದರು. ಹ್ಯೂಸ್ ಅದನ್ನು ಜನವರಿಯಲ್ಲಷ್ಟೇ ಡಚ್ಚರಿಂದ ಗೆದ್ದಿದ್ದ. ಹ್ಯೂಸ್ ಮದ್ರಾಸ್‌ನಲ್ಲಿ ರಿಪೇರಿ ಮಾಡಿಕೊಳ್ಳುತ್ತಾ ಕೂತಿದ್ದಾಗ, ಆಗಸ್ಟ್ ಕೊನೆಯಲ್ಲಿ ಸಫ್ರೆನ್ ಟ್ರಿಂಕೋಮಲಿಯನ್ನು ಹಿಡಿದುಬಿಟ್ಟ. ಹ್ಯೂಸ್ ಬಂದು ನೋಡಿದರೆ ಕೋಟೆ ಮೇಲೆ ಫ್ರೆಂಚ್ ಬಾವುಟ.

ಅಕ್ಟೋಬರ್ ಹತ್ತಿರ ಬಂತು. ಹ್ಯೂಸ್‌ಗೆ ಈಗ ಪೂರ್ವದಲ್ಲಿ ನಿಲ್ಲಲು ಜಾಗವೇ ಇಲ್ಲ. ಅಕ್ಟೋಬರ್ ಮಧ್ಯದಲ್ಲಿ ಮದ್ರಾಸ್‌ಗೆ ಬಿರುಗಾಳಿ ಅಪ್ಪಳಿಸಿತು. ಅಕ್ಕಿ ತುಂಬಿದ್ದ ದೇಸಿ ಹಡಗುಗಳು ದಡಕ್ಕೆ ಬಡಿದು ಒಡೆದವು. ಯುದ್ಧದಿಂದ ಮೊದಲೇ ಹಸಿದಿದ್ದ ಮದ್ರಾಸ್‌ನಲ್ಲಿ ಕ್ಷಾಮ ಇನ್ನೂ ಭೀಕರವಾಯಿತು. ಹ್ಯೂಸ್ ಮುಂಬೈ ದಾರಿ ಹಿಡಿದ.

ಸಫ್ರೆನ್ ಮಾರಿಷಸ್‌ಗೆ ಹೋಗಲಿಲ್ಲ. ಸುಮಾತ್ರಾ ದ್ವೀಪದ ತುದಿಯಲ್ಲಿರುವ ಅಚೇಗೆ ಹೋದ. ಟ್ರಿಂಕೋಮಲಿಯಿಂದ ಸುಮಾರು 1,500 ಕಿ.ಮೀ. ಅಲ್ಲಿ ಡಾಕ್ ಇಲ್ಲ, ನಿಜ. ನೀರು, ಸೌದೆ, ತಾಜಾ ಆಹಾರ ಇತ್ತು. ಮುಖ್ಯವಾಗಿ ಗಾಳಿ ಇತ್ತು. ಅಚೇಯಿಂದ ಈಶಾನ್ಯ ಗಾಳಿಯನ್ನು ಪಕ್ಕದಿಂದ ತೆಗೆದುಕೊಂಡು ಒಡಿಶಾ ಕರಾವಳಿಗೆ ದಾಟಬಹುದು. ಅಲ್ಲಿಂದ ಅದೇ ಗಾಳಿಯನ್ನು ಬೆನ್ನಿಗೆ ಇಟ್ಟುಕೊಂಡು ದಕ್ಷಿಣಕ್ಕೆ ಇಳಿಯಬಹುದು.

ನೆನಪಿದೆಯಾ ನಾಲ್ಕನೇ ಅಂಶ? ಎರಡನೆಯದನ್ನು ಬಿಟ್ಟುಕೊಟ್ಟು ನಾಲ್ಕನೆಯದನ್ನು ಆರಿಸಿಕೊಂಡ.

9/10: ಮೂರು ತಿಂಗಳ ಅಂತರ, 1783

ಫಲಿತಾಂಶ ಏನಾಯ್ತು? ಸಫ್ರೆನ್ 1783ರ ಜನವರಿಯಲ್ಲೇ ಒಡಿಶಾದ ಗಂಜಾಂ ಎದುರು ಬಂದು ನಿಂತ. ಫೆಬ್ರವರಿಯಲ್ಲಿ ಟ್ರಿಂಕೋಮಲಿಯಲ್ಲಿದ್ದ. ಹ್ಯೂಸ್ ಮುಂಬೈನಿಂದ ಮದ್ರಾಸ್ ತಲುಪಿದ್ದು ಏಪ್ರಿಲ್‌ನಲ್ಲಿ. ಈ ನಡುವೆ ಮಾರ್ಚ್‌ನಲ್ಲಿ ಬುಸ್ಸಿ ಸುಮಾರು 2,500 ಫ್ರೆಂಚ್ ಸೈನಿಕರೊಂದಿಗೆ ಬಂದು ಕಡಲೂರಿನಲ್ಲಿ ಇಳಿದ. ತಡೆಯೋಕೆ ಯಾರೂ ಇರಲಿಲ್ಲ.

ಆದರೆ ಗಂಜಾಂ ಬಳಿ ಸಫ್ರೆನ್ ಒಂದು ಬ್ರಿಟಿಷ್ ಹಡಗನ್ನು ಹಿಡಿದಾಗ ಅದರಿಂದ ಒಂದು ಸುದ್ದಿ ಸಿಕ್ಕಿತು. 1782ರ ಡಿಸೆಂಬರ್ 7ರಂದು ಚಿತ್ತೂರಿನ ಬಳಿ ಹೈದರಾಲಿ ತೀರಿಕೊಂಡಿದ್ದ. ಯಾರ ಜೊತೆ ಸೇರಿ ಹೋರಾಡಬೇಕು ಅಂತ ಸಫ್ರೆನ್ ಇಲ್ಲೇ ಉಳಿದನೋ, ಅವನು ಇನ್ನಿಲ್ಲ.

ಇನ್ನೊಂದು ಕಡೆ, ಮುಂಬೈ ಬರೀ ರಿಪೇರಿ ಜಾಗ ಆಗಿರಲಿಲ್ಲ. ನಮ್ಮ ಕರಾವಳಿಯಲ್ಲಿ ಸಮುದ್ರ ಶಾಂತ ಇರೋದೇ ಆ ತಿಂಗಳುಗಳಲ್ಲಿ. ಮುಂಬೈನಿಂದ ಬಂದ ಜನರಲ್ ಮ್ಯಾಥ್ಯೂಸ್‌ನ ಪಡೆ 1783ರ ಆರಂಭದಲ್ಲಿ ಹೊನ್ನಾವರ, ಕುಂದಾಪುರ ಹಿಡಿದು, ಘಟ್ಟ ಹತ್ತಿ ಬಿದನೂರನ್ನು, ಅಂದರೆ ಈಗಿನ ಹೊಸನಗರ ತಾಲ್ಲೂಕಿನ ನಗರವನ್ನು ವಶ ಮಾಡಿಕೊಂಡಿತು. ಮಾರ್ಚ್‌ನಲ್ಲಿ ಮಂಗಳೂರೂ ಹೋಯಿತು. ಟಿಪ್ಪು ಪೂರ್ವದ ಯುದ್ಧ ಬಿಟ್ಟು ಇತ್ತ ಓಡಿ ಬರಬೇಕಾಯಿತು.

ಟಿಪ್ಪು ಬಿದನೂರನ್ನು ವಾಪಸ್ ತೆಗೆದುಕೊಂಡು ಮೇ ತಿಂಗಳಲ್ಲಿ ಮಂಗಳೂರನ್ನು ಮುತ್ತಿದ. ತಿಂಗಳು ಗಮನಿಸಿ. ಎರಡೇ ವಾರದಲ್ಲಿ ನಮ್ಮ ಮಳೆಗಾಲ. ಕೋಟೆಯೊಳಗಿದ್ದ ಬ್ರಿಟಿಷರಿಗೆ ಸಮುದ್ರದಿಂದ ಸಹಾಯ ಬರುವ ದಾರಿಯನ್ನು ಮಳೆಯೇ ಮುಚ್ಚಿತು. 1784ರ ಜನವರಿ 30ರಂದು ಕೋಟೆ ಶರಣಾಯಿತು, ಮಾರ್ಚ್ 11ರಂದು ಮಂಗಳೂರು ಒಪ್ಪಂದ.

ಮತ್ತೆ ಪೂರ್ವದಲ್ಲಿ? 1783ರ ಜೂನ್ 20ರಂದು ಕಡಲೂರಿನ ಎದುರು ಸಫ್ರೆನ್‌ನ 15 ಹಡಗು, ಹ್ಯೂಸ್‌ನ 18 ಹಡಗು ಎದುರಾದವು. ಹ್ಯೂಸ್‌ನ ನಾವಿಕರು ರಕ್ತಪಿತ್ತ ರೋಗದಿಂದ ಬಸವಳಿದಿದ್ದರು, ನೀರು ಮುಗಿದಿತ್ತು. ಅವನು ಮದ್ರಾಸ್‌ಗೆ ಹಿಂದೆ ಸರಿದ. ಕಡಲೂರನ್ನು ಮುತ್ತಿದ್ದ ಬ್ರಿಟಿಷ್ ಸೈನ್ಯ ನಡುವೆ ಸಿಕ್ಕಿಬಿತ್ತು. ಅಷ್ಟರಲ್ಲಿ, ಜೂನ್ 29ರಂದು, ಯುರೋಪಿನಲ್ಲಿ ಶಾಂತಿ ಆಗಿದೆ ಅನ್ನೋ ಸುದ್ದಿ ಬಂತು. ಒಪ್ಪಂದದ ಮೊದಲ ಸಹಿ ಜನವರಿಯಲ್ಲೇ ಆಗಿತ್ತು. ಜೂನ್‌ನಲ್ಲಿ ಸತ್ತವರಿಗೆ ಅದು ಗೊತ್ತಿರಲಿಲ್ಲ.

10/10: ಹಾಗಾದ್ರೆ ಏನು?

"ಇದು ಫ್ರೆಂಚ್-ಬ್ರಿಟಿಷ್ ಕಥೆ, ನಮಗೇನು?" ಅಂತ ಕೇಳಿದರೆ ನನ್ನ ಉತ್ತರ ಇದು.

ಹೈದರ್ ನೆಲದಲ್ಲಿ ಯಾರಿಗೂ ಕಡಿಮೆ ಇರಲಿಲ್ಲ. ಅವನ ಹತ್ತಿರ ಇಲ್ಲದೇ ಇದ್ದದ್ದು ಅಕ್ಟೋಬರ್‌ನಿಂದ ಜನವರಿವರೆಗೆ ಒಂದು ನೌಕಾಪಡೆಯನ್ನು ಇಟ್ಟುಕೊಳ್ಳುವ ಜಾಗ. ಹಾಗಾಗಿ ಅವನ ಯೋಜನೆ ಯಾವಾಗಲೂ ಬೇರೆಯವರ ಹಡಗಿನ ಮೇಲೆ, ಬೇರೆಯವರ ಕ್ಯಾಲೆಂಡರ್ ಮೇಲೆ ನಿಂತಿತ್ತು. ಡಾರ್ವ್ ಹೊರಟಾಗ ಆಟ ಕೈತಪ್ಪಿತು. ಸಫ್ರೆನ್ ಉಳಿದಾಗ ಮತ್ತೆ ಕೈಗೆ ಬಂತು, ಆದರೆ ಹೈದರನ ಆಯಸ್ಸು ಅಷ್ಟು ಇರಲಿಲ್ಲ.

ಟಿಪ್ಪುಗೆ ಇದು ಅರ್ಥವಾಗಿತ್ತು ಅಂತ ನನಗನಿಸುತ್ತೆ. 1796ರಲ್ಲಿ ಅವನು ನೌಕಾಪಡೆಗೆ ಪ್ರತ್ಯೇಕ ಆಡಳಿತ ಮಂಡಳಿ ಮಾಡಿ, 40ಕ್ಕೂ ಹೆಚ್ಚು ಯುದ್ಧ ಹಡಗು ಕಟ್ಟಲು ಆದೇಶ ಕೊಟ್ಟ. ಮಂಗಳೂರು ಸೇರಿ ಮೂರು ಕಡೆ ಹಡಗು ಕಟ್ಟುವ ತಾಣಗಳನ್ನು ಗುರುತಿಸಿದ. ಆದರೆ ಅದಕ್ಕೆ ಒಂದು ವರ್ಷ ಮೊದಲೇ, 1795ರಲ್ಲಿ, ಬ್ರಿಟಿಷರು ಟ್ರಿಂಕೋಮಲಿಯನ್ನು ಡಚ್ಚರಿಂದ ಮತ್ತೆ ತೆಗೆದುಕೊಂಡಿದ್ದರು. ಪಶ್ಚಿಮಕ್ಕೆ ಮುಂಬೈ, ಪೂರ್ವಕ್ಕೆ ಟ್ರಿಂಕೋಮಲಿ. ಎರಡೂ ಮಳೆಗಾಲಕ್ಕೆ ಎರಡು ಮನೆ, ಎರಡೂ ಒಬ್ಬರ ಕೈಯಲ್ಲಿ. ಟಿಪ್ಪುಗೆ ಉಳಿದಿದ್ದು ಮೂರೇ ವರ್ಷ. 1799ರ ಮೇನಲ್ಲಿ ಶ್ರೀರಂಗಪಟ್ಟಣ ಬಿತ್ತು, ಹಡಗುಗಳ ಯೋಜನೆ ಅಲ್ಲಿಗೆ ಮುಗಿಯಿತು.

ಆಸ್ತಿ ಎಷ್ಟಿದೆ ಅಂತ ಬ್ಯಾಲೆನ್ಸ್ ಶೀಟ್ ಹೇಳುತ್ತೆ. ಬೇಕಾದ ತಿಂಗಳಲ್ಲಿ ಅದು ಬೇಕಾದ ಜಾಗದಲ್ಲಿ ಇದೆಯಾ ಅಂತ ಹೇಳೋದಿಲ್ಲ. ಹ್ಯೂಸ್ ಹತ್ತಿರ ಹಡಗು ಜಾಸ್ತಿ, ಡಾಕ್ ಒಳ್ಳೇದು, ದುಡ್ಡೂ ಇತ್ತು. ಮಾರ್ಚ್‌ನಲ್ಲಿ ಬುಸ್ಸಿ ಕಡಲೂರಿಗೆ ಇಳಿದಾಗ ಅದು ಯಾವುದೂ ಅಲ್ಲಿರಲಿಲ್ಲ.

ಮುಂದಿನ ಸಲ ಯಾವುದೇ ಯುದ್ಧದ ಬಗ್ಗೆ ಓದುವಾಗ ಒಂದು ಕೆಲಸ ಮಾಡಿ. ಇಸವಿ ಬಿಡಿ, ತಿಂಗಳು ನೋಡಿ. ಆ ತಿಂಗಳಲ್ಲಿ ಗಾಳಿ ಯಾವ ಕಡೆಯಿಂದ ಬೀಸುತ್ತೆ, ಹಡಗುಗಳು ಎಲ್ಲಿ ನಿಂತಿರಬಹುದು ಅಂತ ಮ್ಯಾಪ್ ಮೇಲೆ ಬೆರಳಿಟ್ಟು ಯೋಚಿಸಿ. ಪಠ್ಯಪುಸ್ತಕದಲ್ಲಿ "ಫ್ರೆಂಚರ ನೆರವು ಸಕಾಲಕ್ಕೆ ದೊರೆಯಲಿಲ್ಲ" ಅಂತ ಒಂದೇ ಸಾಲಿನಲ್ಲಿ ಮುಗಿಸುವ ವಿಷಯದ ಒಳಗೆ ಎಷ್ಟು ಕಥೆ ಇದೆ ಅಂತ ಆಗ ಗೊತ್ತಾಗುತ್ತೆ.

ನಿಮ್ಮಲ್ಲಿ ಕರಾವಳಿಯವರು ಯಾರಾದ್ರೂ ಇದ್ದರೆ ಮನೆಯ ಹಿರಿಯರನ್ನು ಕೇಳಿ: ಇಂಜಿನ್ ಬರೋಕೆ ಮುಂಚೆ ನಿಮ್ಮ ಊರಿನ ಹಾಯಿ ದೋಣಿಗಳನ್ನು ಮಳೆಗಾಲದಲ್ಲಿ ಎಲ್ಲಿ ಇಡ್ತಿದ್ರು? ಯಾವ ಅಳಿವೆ, ಯಾವ ದಡ, ಯಾವ ತೆಂಗಿನ ತೋಟದ ಬುಡ? ಉತ್ತರ ಕಳಿಸಿ. ಆ ಜಾಗಗಳದ್ದೇ ಒಂದು ಮ್ಯಾಪ್ ಮಾಡಿ ಮುಂದಿನ ಸರಣಿಯಲ್ಲಿ ಹಾಕೋಣ.

#ಇತಿಹಾಸ #ಹಾಯಿಹಡಗು #ಕರಾವಳಿ #ಮೈಸೂರುಯುದ್ಧ #ಬಿಕಾಂಹುಡುಗರಇತಿಹಾಸ